ಹೆರಿಗೆ ಕೋಣೆಯಲ್ಲಿ ಕನ್ನಡಕ್ಕೆ ಪ್ರವೇಶವಿಲ್ಲವೇ?

ಅಂಗಡಿ ಬೋರ್ಡಿನಲ್ಲಿ ಕನ್ನಡ ಬೇಕೆಂದು ಬೀದಿಗಿಳಿದವರು ನಾವು. ಬ್ಯಾಂಕಿನ ಚಲನ್, ರೈಲಿನ ಟಿಕೆಟ್, ಕೆಲಸದ ಅರ್ಜಿ ಎಲ್ಲಕ್ಕೂ ಹೋರಾಡಿದ್ದೇವೆ. ಇನ್ನೂ ಹೋರಾಡುತ್ತೇವೆ. ಸಂತೋಷ. ಆದರೆ ಒಂದು ಪ್ರಶ್ನೆ. ಕನ್ನಡದ ಹೆಣ್ಣುಮಗಳೊಬ್ಬಳು ಜೀವ ಕೈಯಲ್ಲಿ ಹಿಡಿದು ಮಲಗಿರುವ ಹೆರಿಗೆ ಕೋಣೆಯಲ್ಲಿ ಅವಳ ಮಾತು ಕೇಳುವವರು ಇದ್ದಾರೆಯೇ? ಅದನ್ನು ನಾವು ಯಾವತ್ತಾದರೂ ವಿಚಾರಿಸಿದ್ದೇವೆಯೇ?

ಬೆಂಗಳೂರಿನಲ್ಲಿ ನಡೆಯುವುದನ್ನು ನೀವೂ ಕಂಡಿರುತ್ತೀರಿ. ಚೊಚ್ಚಲ ಹೆರಿಗೆ. ಊರಿಂದ ತಾಯಿ ಬಂದಿರುತ್ತಾಳೆ. ಅತ್ತೆ ಬಂದಿರುತ್ತಾಳೆ. ನೋವು ಶುರುವಾದೊಡನೆ ಹುಡುಗಿಯನ್ನು ಒಳಗೆ ಕರೆದೊಯ್ಯುತ್ತಾರೆ, ಬಾಗಿಲು ಮುಚ್ಚುತ್ತಾರೆ. ನಾಲ್ಕು ಮಕ್ಕಳನ್ನು ಹೆತ್ತ ತಾಯಿ ಹೊರಗಿನ ಬೆಂಚಿನ ಮೇಲೆ. ಒಳಗೆ ಮಗಳು ಒಬ್ಬಳೇ. 'ಮಗು ಮಿಸುಕ್ತಾ ಇಲ್ಲ' ಎಂದು ಅವಳು ಹೇಳಿದರೆ 'ಮಿಸುಕು' ಎಂಬ ಪದ ಗೊತ್ತಿರುವವರು ಅಲ್ಲಿರಬೇಕಲ್ಲ? ರಾಯಚೂರಿನ ಹೆಣ್ಣುಮಗಳು 'ಬ್ಯಾನಿ' ಎಂದರೆ ಅದು ನೋವೆಂದು ತಿಳಿಯುವವರು ಬೇಡವೇ? ಅಲ್ಲಿ ಹಗಲೂ ರಾತ್ರಿ ದುಡಿಯುವ ದಾದಿಯರನ್ನು ನಾನು ದೂರುತ್ತಿಲ್ಲ. ಎಲ್ಲಿಂದಲೋ ಬಂದ ಅವರಿಗೆ ನಾಲ್ಕು ಮಾತು ಕನ್ನಡ ಕಲಿಸದ ಆಡಳಿತ ಮಂಡಳಿಗಳನ್ನು ದೂರುತ್ತಿದ್ದೇನೆ.

ಈಗ ನಗರಗಳಲ್ಲಿ 'ಡೂಲಾ' ಎಂಬ ಹೊಸ ಮಾತು ಓಡಾಡುತ್ತಿದೆ. ಹೆರಿಗೆಯ ಉದ್ದಕ್ಕೂ ಬಸುರಿಯ ಪಕ್ಕದಲ್ಲೇ ಇರುವ ಸಂಗಾತಿ ಎಂದು ಅರ್ಥ. ಅವಳು ಡಾಕ್ಟರಲ್ಲ, ದಾದಿಯಲ್ಲ. ಇಂಜೆಕ್ಷನ್ ಚುಚ್ಚುವುದಿಲ್ಲ, ಮಗುವನ್ನು ಹಿಡಿಯುವುದಿಲ್ಲ. ಸೊಂಟ ತಿಕ್ಕುತ್ತಾಳೆ, ನೀರು ಕುಡಿಸುತ್ತಾಳೆ, ಎಬ್ಬಿಸಿ ನಡೆಸುತ್ತಾಳೆ, ಉಸಿರಾಟ ಹೇಳಿಕೊಡುತ್ತಾಳೆ. ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳುತ್ತಾಳೆ, ಹೊರಗೆ ಕಂಗಾಲಾಗಿರುವ ಗಂಡನಿಗೂ ಧೈರ್ಯ ತುಂಬುತ್ತಾಳೆ. ಈ ಪದ ಗ್ರೀಕಿನದು, ಮೂಲಾರ್ಥ ದಾಸಿ. ಅಮೆರಿಕದ ಡಾನಾ ರಾಫೆಲ್ ಎಂಬ ಮಾನವಶಾಸ್ತ್ರಜ್ಞೆ 1973ರ ತಮ್ಮ ಪುಸ್ತಕದಲ್ಲಿ ಅದನ್ನು ಬಳಕೆಗೆ ತಂದರು.

ನಮಗೆ ಇದೇನು ಹೊಸದೇ ಸ್ವಾಮಿ? ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ನಾಡು ಅವರನ್ನು ನೆನೆಯುತ್ತದೆ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಸೂಲಗಿತ್ತಿಯ ಕೆಲಸ ಡೂಲಾ ಕೆಲಸಕ್ಕಿಂತ ದೊಡ್ಡದು, ಅವಳು ಹೆರಿಗೆಯನ್ನೇ ಮಾಡಿಸುತ್ತಿದ್ದಳು. ಆದರೆ ಕೈ ಹಿಡಿದು, ಬೆನ್ನು ಸವರಿ, 'ಇನ್ನೇನು ಆಯ್ತು ಕಣವ್ವಾ' ಎನ್ನುವುದೂ ಅವಳದೇ ಕೆಲಸವಾಗಿತ್ತು. ಹೆರಿಗೆ ಆಸ್ಪತ್ರೆಗೆ ಹೋದಾಗ ಹೆರಿಗೆ ಮಾಡಿಸುವ ವಿದ್ಯೆಯನ್ನು ಡಾಕ್ಟರು ವಹಿಸಿಕೊಂಡರು. ಕೈ ಹಿಡಿಯುವ ಕೆಲಸವನ್ನು ಯಾರೂ ವಹಿಸಿಕೊಳ್ಳಲಿಲ್ಲ!

ಹಾಗೆಂದು ಹೆರಿಗೆ ಮನೆಯಲ್ಲೇ ಆಗಲಿ ಎನ್ನುವ ಮೂರ್ಖತನ ನನ್ನದಲ್ಲ. 2001-03ರಲ್ಲಿ ಕರ್ನಾಟಕದಲ್ಲಿ ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆ, ಆಂಬ್ಯುಲೆನ್ಸ್, ರಕ್ತನಿಧಿ, ಆಶಾ ಕಾರ್ಯಕರ್ತೆಯರು ಇಲ್ಲದೆ ಇದು ಆಗುತ್ತಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ಆದ್ದರಿಂದಲೇ ಹೇಳುತ್ತೇನೆ, ಆಸ್ಪತ್ರೆ ಬೇಕು, ಆದರೆ ಅಲ್ಲಿ ನಮ್ಮ ಹೆಣ್ಣುಮಗಳು ಒಂಟಿಯಾಗಿರಬಾರದು.

ಇದು ಬರೀ ಭಾವನೆಯ ಮಾತಲ್ಲ. 1980ರಲ್ಲಿ ಪ್ರಕಟವಾದ ಗ್ವಾಟೆಮಾಲಾದ ಒಂದು ಅಧ್ಯಯನದಲ್ಲಿ ತರಬೇತಿಯೇ ಇಲ್ಲದ ಸಾಮಾನ್ಯ ಹೆಂಗಸರನ್ನು ಬಸುರಿಯರ ಪಕ್ಕ ಕೂರಿಸಿದರು. ತೊಂದರೆಯಿಲ್ಲದೆ ಹೆತ್ತವರಲ್ಲಿ, ಸಂಗಾತಿ ಇದ್ದವರ ಹೆರಿಗೆ ಒಂಟಿಯಾಗಿದ್ದವರಿಗಿಂತ ಅರ್ಧಕ್ಕೂ ಕಡಿಮೆ ಹೊತ್ತಿನಲ್ಲಿ ಮುಗಿಯಿತು. 2017ರಲ್ಲಿ 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಉದ್ದಕ್ಕೂ ಜೊತೆಗೊಬ್ಬರಿದ್ದರೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಹೊತ್ತೂ ಕಡಿಮೆ ಎಂದು ಕಂಡಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರತಿಯೊಬ್ಬಳಿಗೂ ಅವಳೇ ಆರಿಸಿದ ಸಂಗಾತಿ ಇರಬೇಕೆಂದು ಶಿಫಾರಸು ಮಾಡಿತು. ಅವಳಿಗೆ ತಿಳಿಯುವ ಮಾತಿನಲ್ಲೇ ಎಲ್ಲವನ್ನೂ ಹೇಳಬೇಕೆಂದೂ ಹೇಳಿತು.

ಅದಕ್ಕೂ ಮೊದಲೇ, 2016ರಲ್ಲಿ, ಕೇಂದ್ರ ಆರೋಗ್ಯ ಇಲಾಖೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ಕೊಟ್ಟಾಗಿದೆ. ಹೆತ್ತು ಅನುಭವವಿರುವ ಬಂಧು ಹೆಂಗಸು ಇದ್ದರೆ ಒಳ್ಳೆಯದು. ಮರೆಯ ವ್ಯವಸ್ಥೆ ಇರುವಲ್ಲಿ ಗಂಡನೂ ಇರಬಹುದು. ಅಂಟುರೋಗ ಇರಬಾರದು, ಬಟ್ಟೆ ಶುಚಿಯಾಗಿರಬೇಕು, ಚಿಕಿತ್ಸೆಗೆ ಅಡ್ಡ ಬರಬಾರದು. ಇಷ್ಟೇ ನಿಯಮ! ಇದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ ಆಸ್ಪತ್ರೆ ನಿಮ್ಮ ಬಡಾವಣೆಯಲ್ಲಿದೆಯೇ? ಹೋಗಿ ನೋಡಿ.

'ಜಾಗವಿಲ್ಲ, ಗಲಾಟೆಯಾಗುತ್ತೆ, ಸೋಂಕು ಬರುತ್ತೆ' ಎನ್ನುತ್ತಾರೆ. ಒಬ್ಬ ಬಸುರಿಗೆ ಒಬ್ಬಳು ಸಂಗಾತಿ, ಮಂಚಕ್ಕೊಂದು ಪರದೆ, ಒಂದು ಶುಭ್ರ ಗೌನು. ಇದಕ್ಕೆಷ್ಟು ಖರ್ಚು? ಹಣವಿದ್ದವರು ಡೂಲಾಳನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಗಾರ್ಮೆಂಟ್ಸ್ ಹುಡುಗಿಗೆ ಅವಳ ಅವ್ವನೇ ಡೂಲಾ. ಆ ಅವ್ವನನ್ನು ಒಳಗೆ ಬಿಡಿ ಎನ್ನುವುದಷ್ಟೇ ನಮ್ಮ ಬೇಡಿಕೆ.

ನಾನು ಪ್ರೆಸ್ಸಿನವನು. ಆಸ್ಪತ್ರೆಯೊಂದರ ಒಪ್ಪಿಗೆ ಪತ್ರ ನಮ್ಮಲ್ಲಿ ಅಚ್ಚಾಗುತ್ತದೆ. ಎರಡು ಪುಟ, ಸಣ್ಣ ಅಕ್ಷರ, ಪೂರ್ತಿ ಇಂಗ್ಲಿಷ್. ಕನ್ನಡದಲ್ಲೂ ಹಾಕೋಣ, ಅಕ್ಷರ ಜೋಡಣೆಯ ಕೂಲಿ ಬೇಡ ಎಂದೆ. 'ಯಾರು ಓದ್ತಾರೆ ಬಿಡಿ, ಸಹಿ ಹಾಕ್ತಾರೆ ಅಷ್ಟೆ' ಎಂದರು. ಅದೇ ಸಮೀಕ್ಷೆಯ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್. ಅಗತ್ಯವಿದ್ದಲ್ಲಿ ಅದು ಜೀವ ಉಳಿಸುತ್ತದೆ, ತಕರಾರಿಲ್ಲ. ಆದರೆ ಯಾಕೆ ಕೊಯ್ಯುತ್ತಾರೆಂದು ತಿಳಿಯದೆ ಹಾಕಿದ ಸಹಿ ಒಪ್ಪಿಗೆಯೇ?

ಗೆಳೆಯರೇ, ನಾಳೆ ಗಂಡನಾಗಿ, ಅಣ್ಣನಾಗಿ, ಅಕ್ಕನಾಗಿ ಆ ಬಾಗಿಲಲ್ಲಿ ನಿಲ್ಲುವವರು ನೀವೇ. ಆದ್ದರಿಂದ ಈಗಲೇ ಮೂರು ಕೆಲಸ ಮಾಡಿ.

ಒಂದು: ಏಳನೇ ತಿಂಗಳಲ್ಲೇ ಡಾಕ್ಟರನ್ನು ಕೇಳಿ, 'ಜೊತೆಗೊಬ್ಬರನ್ನು ಬಿಡುತ್ತೀರಾ?' ಉತ್ತರ ಬರಹದಲ್ಲಿರಲಿ.

ಎರಡು: ನಿಮ್ಮ ಸಂಘದಿಂದ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸಂಗಾತಿಯ ನಿಯಮ ಕನ್ನಡದಲ್ಲಿ ಬಾಗಿಲಿಗೆ ಬರಲೇಬೇಕೆಂದು ಮನವಿ ಕೊಡಿ. ಗಲಾಟೆ ಬೇಡ. ಒಳಗೆ ಬಾಣಂತಿಯರಿದ್ದಾರೆ.

ಮೂರು: ಖಾಸಗಿ ಆಸ್ಪತ್ರೆಗಳಲ್ಲೂ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ದಾದಿಯರಿಗೆ ಹೆರಿಗೆ ಕೋಣೆಯ ಕನ್ನಡ ಕಲಿಸಲಿ ಎಂದು ಪಟ್ಟು ಹಿಡಿಯಿರಿ.

ಉರ್ದು, ತಮಿಳು, ತುಳು ಮನೆಮಾತಿನ ತಾಯಿಗೂ ಅವಳ ಮಾತಿನ ಸಂಗಾತಿ ಸಿಗಲಿ. ನೋವಿನಲ್ಲಿರುವವಳ ಮಾತನ್ನು ಕಿತ್ತುಕೊಳ್ಳುವುದು ಕನ್ನಡತನವಲ್ಲ. ಆದರೆ ಕನ್ನಡದ ನೆಲದಲ್ಲಿ, ಕನ್ನಡದ ತಾಯಿಯೊಬ್ಬಳು ಕನ್ನಡದಲ್ಲಿ ನರಳಿದರೆ ಅರ್ಥವಾಗದ ಕೋಣೆ ಇನ್ನು ಒಂದೂ ಇರಬಾರದು!