ಕೊಳಗ ಮತ್ತು ಮತಪೆಟ್ಟಿಗೆ

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ, ಮತಗಟ್ಟೆಯ ಮರೆಯೊಳಗೆ ಕಾಲಿರಿಸಿದ ಮತದಾರನೆದುರು ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದರಂತೆ ಪೆಟ್ಟಿಗೆಗಳನ್ನು ಸಾಲಾಗಿ ಇರಿಸಿದ್ದರು. ಅಕ್ಷರವರಿಯದವನೂ ಜೋಡೆತ್ತನ್ನೋ ಮರವನ್ನೋ ತೆನೆ ಕುಡುಗೋಲನ್ನೋ ಗುರುತು ಹಿಡಿದು, ಕೈಯಲ್ಲಿದ್ದ ಚೀಟಿಯನ್ನು ಮನಸ್ಸಿಗೊಪ್ಪಿದ ಪೆಟ್ಟಿಗೆಯೊಳಕ್ಕೆ ಹಾಕಿ ಬರುತ್ತಿದ್ದನು.

ಹಾಗೆ ಬಿದ್ದ ಮತಗಳಲ್ಲಿ ಕಾಂಗ್ರೆಸ್ಸಿಗೆ ದೊರೆತುದು ಶೇಕಡಾ 45ರಷ್ಟು. ಲೋಕಸಭೆಯ ಸ್ಥಾನಗಳಾದರೋ 489ರಲ್ಲಿ 364. ಶೇಕಡಾ 10ಕ್ಕೆ ಮೀರಿ ಮತ ಗಳಿಸಿದ ಸಮಾಜವಾದಿಗಳಿಗೆ ದಕ್ಕಿದುವು ಕೇವಲ 12. ಅರ್ಧಕ್ಕಿಂತ ಹೆಚ್ಚು ಮಂದಿ ಬೇರೊಂದನ್ನು ಬಯಸಿದ್ದರೂ, ಪ್ರತಿಪಕ್ಷಗಳು ತಮ್ಮೊಳಗೇ ಸೆಣಸಿ ಆ ಬಯಕೆಯನ್ನು ಚೂರು ಚೂರಾಗಿಸಿದುವು. 1969ರಲ್ಲಿ ಕಾಂಗ್ರೆಸ್ಸೇ ಒಡೆಯುವವರೆಗೆ ಲೋಕಸಭೆಯಲ್ಲಿ ಮಾನ್ಯತೆ ಪಡೆದ ವಿರೋಧಪಕ್ಷದ ನಾಯಕನೇ ಇರಲಿಲ್ಲ.

ಕಾಂಗ್ರೆಸ್ಸಿನ ಈ ಗೆಲುವನ್ನು ಕಂಡು, ಜನರು ಕಣ್ಮುಚ್ಚಿ ಮತವಿತ್ತರೆಂದು ಹಳಿಯುವವರುಂಟು. ನನಗೆ ಆ ಮಾತು ಸಮ್ಮತವಲ್ಲ. ಅದೇ ಚುನಾವಣೆಯಲ್ಲಿ ಸಾಗರ–ಹೊಸನಗರದ ಜನರು ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರನ್ನು ಮೈಸೂರು ವಿಧಾನಸಭೆಗೆ ಕಳುಹಿಸಿದರು. ಅದಕ್ಕೆ ಮುನ್ನ, 1951ರಲ್ಲಿ, ತಾವು ಮೈಮುರಿದು ಬೆಳೆದ ಭತ್ತವನ್ನು ಜಮೀನಿನ ಒಡೆಯರು ಕೊಳಗವೆಂಬ ಅಳತೆಯ ಪಾತ್ರೆಯನ್ನು ಹಿರಿದಾಗಿಸಿ ಅದರಲ್ಲಿ ಗೇಣಿಯಾಗಿ ಅಳೆದುಕೊಳ್ಳುವುದನ್ನು ಸಹಿಸಲಾರದೆ ಸಾಗರ ಸೀಮೆಯ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕಿಳಿದಾಗ, ಸಮಾಜವಾದಿಗಳು ಅವರ ಬೆನ್ನಿಗೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಸ್ವತಃ ಬಂದು ಬಂಧನಕ್ಕೊಳಗಾದರು. ಕಣದಲ್ಲಿ ಆ ಕೊಳಗದ ಅನ್ಯಾಯವನ್ನು ಕಣ್ಣಾರೆ ಕಂಡವನಿಗೆ, ಮತಗಟ್ಟೆಯಲ್ಲಿದ್ದ ಸಮಾಜವಾದಿಗಳ ಮರದ ಗುರುತಿನ ಪೆಟ್ಟಿಗೆ ಅಪರಿಚಿತವಾಗಿ ತೋರಿರಲಾರದು.

ಪೆಟ್ಟಿಗೆ ಇರಿಸಿದ ಮಾತ್ರಕ್ಕೆ ಆಯ್ಕೆ ಒದಗುವುದಿಲ್ಲ. ಆ ಪೆಟ್ಟಿಗೆಯ ಹೆಸರಿನವರು ತನ್ನ ಊರಿಗೆ, ತನ್ನ ಕಷ್ಟದ ದಿನದಲ್ಲಿ, ಬಂದಿದ್ದರೇ ಎಂಬುದನ್ನು ಮತದಾರನು ನೆನೆಯುತ್ತಾನೆ. ಒಂದೇ ಪಕ್ಷವು ದಶಕಗಳ ಕಾಲ ಗೆಲ್ಲುತ್ತಿರುವಲ್ಲಿ, ಚುನಾವಣೆಯ ತಿಂಗಳಲ್ಲಿ ಮಾತ್ರ ಕಾಣಿಸಿಕೊಂಡು, ಸೋತ ಮೇಲೆ ಜನರ ವಿವೇಕವನ್ನು ಶಂಕಿಸುವ ಪ್ರತಿಪಕ್ಷವು ತನ್ನ ಅರ್ಧ ಕೆಲಸವನ್ನೂ ಮಾಡಿಲ್ಲವೆಂದೇ ನನ್ನ ನಂಬಿಕೆ. ಗೆದ್ದವರನ್ನೂ ಜನರು ಶಾಶ್ವತವಾಗಿ ಗೆಲ್ಲಿಸುವುದಿಲ್ಲ: ಗೋಪಾಲಗೌಡರು 1957ರಲ್ಲಿ ಸೋತರು, ಆದರೆ 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯ ಮತದಾರರು ಅವರನ್ನು ಮತ್ತೆ ಆರಿಸಿ, ವಿರೋಧಪಕ್ಷದ ಪೀಠಕ್ಕೇ ಕಳುಹಿಸಿದರು.