ದರಪಟ್ಟಿ ಮೊದಲೇ ಹೇಳಿ, ಗ್ಯಾಲರಿ ನಾವು ತುಂಬುತ್ತೇವೆ

ಗೆ,
ಇಂಡಿಯನ್ ಸೂಪರ್ ಲೀಗ್ ಕ್ಲಬ್ಬುಗಳ ಆಡಳಿತದವರಿಗೆ ಹಾಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನವರಿಗೆ

ಮಾನ್ಯರೇ,

ಕಲಬುರಗಿಯ ಗಾಜಿಪುರದಿಂದ ಬರೆಯುತ್ತಿದ್ದೇನೆ. ಇಲ್ಲೂ ಫುಟ್‌ಬಾಲ್ ಹುಚ್ಚಿನವರು ಕೆಲವರಿದ್ದೇವೆ. ನಮಗೆ ಹತ್ತಿರವಿದ್ದದ್ದು ಹೈದರಾಬಾದ್. 2021-22ರಲ್ಲಿ ಐಎಸ್‌ಎಲ್ ಗೆದ್ದ ಅಲ್ಲಿನ ಕ್ಲಬ್ಬು 2025ರಲ್ಲಿ ದಿಲ್ಲಿ ಪಾಲಾಯಿತು. ಈಗ ಉಳಿದಿರುವುದು ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಅಂದರೆ ಒಂದು ರಾತ್ರಿಯ ರೈಲು ದಾರಿ.

ರೈಲಿನ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಪಂದ್ಯದ ಟಿಕೆಟ್ ಮಾರಾಟಕ್ಕೆ ಬರುವುದು ಕೆಲವೇ ದಿನ ಮುಂಚೆ, ದರ ತಿಳಿಯುವುದೂ ಆಗಲೇ. ಅಷ್ಟರಲ್ಲಿ ಸ್ಲೀಪರ್ ಕೋಚು ವೇಟಿಂಗ್ ಲಿಸ್ಟಿಗೆ ಬಂದಿರುತ್ತದೆ. ಧೈರ್ಯ ಮಾಡಿ ರೈಲು ಮೊದಲೇ ಬುಕ್ ಮಾಡಿಕೊಂಡರೆ, ಎದುರಾಳಿ ದೊಡ್ಡ ತಂಡವಾದಾಗ ಟಿಕೆಟ್ ದರ ಎಲ್ಲಿಗೆ ಹೋಗಿ ನಿಲ್ಲುತ್ತದೋ ಗೊತ್ತಿಲ್ಲ. ಅದರ ಮೇಲೆ ಆ್ಯಪಿನವರ ಬುಕಿಂಗ್ ಶುಲ್ಕ. ಟಿವಿಯವರ ಅನುಕೂಲಕ್ಕೆಂದು ಆಟ ಏಳೂವರೆಗೆ ಶುರುವಾದರೆ, ಮುಗಿಸಿ ಹೊರಗೆ ಬರುವಷ್ಟರಲ್ಲಿ ನಮ್ಮ ಉದ್ಯಾನ್ ಎಕ್ಸ್‌ಪ್ರೆಸ್ ಬೆಂಗಳೂರು ಬಿಟ್ಟಾಗಿರುತ್ತದೆ. ಹಾಗಾಗಿ ಲಾಡ್ಜಿನ ಖರ್ಚೂ ಸೇರಿತು. ನನ್ನ ಜೊತೆ ಬರುತ್ತಿದ್ದ ಗ್ಯಾರೇಜಿನ ಹುಡುಗನೊಬ್ಬ ಈಗ ಬರುವುದಿಲ್ಲ. "ಅಣ್ಣಾರ, ಒಂದ್ ಮ್ಯಾಚಿಗಿ ವಾರದ ಪಗಾರ ಹೋಗ್ತದ್ರಿ. ನಾ ಮೊಬೈಲ್‌ದಾಗೇ ನೋಡ್ತೀನಿ" ಅಂದ. ಅವನಿಗೆ ನಾನು ಏನು ಹೇಳಲಿ?

ಜನರಿಗೆ ಆಸಕ್ತಿಯೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2014ರ ಮೊದಲ ಐಎಸ್‌ಎಲ್‌ನಲ್ಲಿ ಪಂದ್ಯವೊಂದಕ್ಕೆ ಸರಾಸರಿ 25 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಐದಾರು ವರ್ಷದಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. 2016ರ ಅಕ್ಟೋಬರ್ 19ರಂದು ಇದೇ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ, ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್‌ನ ಹಾಲಿ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿತು. ಆ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಅಂದು ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ಎದ್ದ ಸದ್ದು ಯಾವ ಜಾಹೀರಾತಿನಿಂದಲೂ ಬಂದದ್ದಲ್ಲ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತದ ಪಂದ್ಯಕ್ಕೆ ಬಂದವರು ಬರೀ 2,569 ಮಂದಿ. ಮೈದಾನಕ್ಕೆ ಬನ್ನಿ ಎಂದು ನಾಯಕ ಸುನಿಲ್ ಚೆಟ್ರಿ ವಿಡಿಯೊದಲ್ಲಿ ಕೈಮುಗಿದು ಕೇಳಿದರು. ಕೀನ್ಯಾ ವಿರುದ್ಧದ ಮುಂದಿನ ಪಂದ್ಯದ ಟಿಕೆಟ್‌ಗಳೆಲ್ಲ ಖರ್ಚಾದವು. ಕರೆದರೆ ಜನ ಬರುತ್ತಾರೆ. ಆದರೆ ಪ್ರತಿ ಪಂದ್ಯಕ್ಕೂ ಆಟಗಾರನೇ ಕೈಮುಗಿಯಬೇಕೇ?

ದೊಡ್ಡ ಪಂದ್ಯಕ್ಕೆ ದರ ಏರಿಸುವುದು, ಸಣ್ಣ ಪಂದ್ಯಕ್ಕೆ ಪುಕ್ಕಟೆ ಪಾಸು ಹಂಚುವುದು, ಈ ಎರಡೂ ಒಂದೇ ಕೆಟ್ಟ ಲೆಕ್ಕಾಚಾರದ ಫಲ. ದುಡ್ಡು ಕೊಟ್ಟು ಪ್ರತಿ ಪಂದ್ಯಕ್ಕೂ ಬರುವವನು ಪಕ್ಕದ ಪಾಸಿನವನನ್ನು ನೋಡಿ ತಾನು ಮೋಸಹೋದೆ ಅಂದುಕೊಳ್ಳುತ್ತಾನೆ. ಕ್ಲಬ್ಬು ನಡೆಯುವುದು ಟಿಕೆಟ್ ದುಡ್ಡಿನಿಂದಲ್ಲ, ಪ್ರಾಯೋಜಕರಿಂದ ಮತ್ತು ಪ್ರಸಾರದ ಹಕ್ಕಿನಿಂದ. 2025ರಲ್ಲಿ ಲೀಗಿನ ವಾಣಿಜ್ಯ ಹಕ್ಕಿನ ಒಪ್ಪಂದ ಮುಗಿಯುವ ಹೊತ್ತಿಗೆ ಲೀಗೇ ಅತಂತ್ರವಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಬೇಕಾಯಿತು. ಖಾಲಿ ಗ್ಯಾಲರಿಯ ಆಟಕ್ಕೆ ಯಾವ ಪ್ರಾಯೋಜಕ ತಾನೇ ಬಂದಾನು? ಟಿಕೆಟ್‌ನಲ್ಲಿ ನೂರಿನ್ನೂರು ಹೆಚ್ಚು ಎಳೆದು ಆ ಗ್ಯಾಲರಿಯನ್ನು ಖಾಲಿ ಮಾಡಿಕೊಳ್ಳುತ್ತಿದ್ದೀರಿ.

ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬು 2016ರಲ್ಲಿ ಟಿಕೆಟ್ ದರವನ್ನು 77 ಪೌಂಡಿನವರೆಗೆ ಏರಿಸಲು ಹೊರಟಾಗ, ಸಾವಿರಾರು ಅಭಿಮಾನಿಗಳು 77ನೇ ನಿಮಿಷಕ್ಕೆ ಎದ್ದು ನಡೆದರು. ವಾರದೊಳಗೆ ಮಾಲೀಕರು ಕ್ಷಮೆ ಕೇಳಿ ಏರಿಕೆ ಹಿಂಪಡೆದರು. ನಮ್ಮಲ್ಲಿ ಜನ ಎದ್ದು ನಡೆಯುವುದಿಲ್ಲ, ಬರುವುದನ್ನೇ ಬಿಡುತ್ತಾರೆ. ಅದಕ್ಕೇ ನಿಮಗೆ ಪ್ರತಿಭಟನೆ ಕೇಳಿಸುತ್ತಿಲ್ಲ.

ನಾವು ಪುಕ್ಕಟೆ ಕೇಳುತ್ತಿಲ್ಲ. ವೇಳಾಪಟ್ಟಿಯ ಜೊತೆಗೇ ಇಡೀ ಸೀಸನ್ನಿನ ದರಪಟ್ಟಿ ಹೊರಡಿಸಿ, ಆಮೇಲೆ ಬದಲಿಸಬೇಡಿ. ಎದುರಾಳಿ ಯಾರೇ ಇರಲಿ, ಒಂದು ಸ್ಟ್ಯಾಂಡಿನ ದರ ದಿನಗೂಲಿಯವನ ಕೈಗೆಟಕುವಂತೆ ಒಂದೇ ಇರಲಿ. ಬೆಂಗಳೂರಿನಲ್ಲೇ ಫುಟ್‌ಬಾಲ್ ಆಡಿ ಬೆಳೆಯುವ ಆಸ್ಟಿನ್ ಟೌನ್, ಗೌತಮಪುರದ ಹುಡುಗರೂ ಅಲ್ಲಿ ಕೂರಲಿ. ಕ್ರೀಡಾಂಗಣದ ಬಾಗಿಲಲ್ಲಿ ನಗದು ಕೌಂಟರ್ ತೆರೆಯಿರಿ. ಶನಿವಾರ, ಭಾನುವಾರದ ಕೆಲವು ಪಂದ್ಯಗಳನ್ನಾದರೂ ಸಂಜೆ ಐದಕ್ಕೆ ಆಡಿಸಿ, ನಾವು ಅದೇ ರಾತ್ರಿ ರೈಲು ಹತ್ತುತ್ತೇವೆ. ಇವುಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಏಕೆ ಎಂದು ಮುಂದಿನ ಸೀಸನ್ನಿನ ಟಿಕೆಟ್ ಬಿಡುಗಡೆಗೆ ಮೊದಲು ಬಹಿರಂಗವಾಗಿ ಉತ್ತರಿಸಿ.

ಇತಿ,
ಗಾಜಿಪುರದ ಫುಟ್‌ಬಾಲ್ ಅಭಿಮಾನಿ,
ಕಲಬುರಗಿ