ಬಾಗಿಲು ತಟ್ಟಿದರೆ ಕೋಣೆ ಸಿಗುವುದು ಗೋಕರ್ಣದಲ್ಲಿ

‘ವಿದೇಶದ ಕಡಲತೀರಕ್ಕೆ ಹೊರಟವರು ಕೋಣೆ ಕಾಯ್ದಿರಿಸುವುದೇ ದಂಡ, ಇಳಿದ ಮೇಲೆ ಹುಡುಕಿಕೊಂಡರಾಯಿತು’ ಎನ್ನುತ್ತದೆ ಕಳೆದ ಸಂಚಿಕೆಯ ಪ್ರವಾಸ ಲೇಖನ. ಗೋಕರ್ಣದ ಓಂ ಬೀಚಿನಲ್ಲಿ ಚೀಲ ಹೆಗಲಿಗೇರಿಸಿ ನಾಲ್ಕು ಬಾಗಿಲು ತಟ್ಟಿದವರಿಗೆ ಈ ಮಾತು ಹಿತವೆನಿಸೀತು. ಮುಂಬಯಿಯ ಪವಾಯಿಯಿಂದ ಮಕ್ಕಳು, ಅತ್ತೆ-ಮಾವನನ್ನು ಕಟ್ಟಿಕೊಂಡು ದೀಪಾವಳಿ ರಜೆಗೆ ಹೊರಡುವವರಿಗಲ್ಲ.

ಮೊದಲ ತಕರಾರು ಕಾಗದಪತ್ರದ್ದು. ಮಾಲ್ಡೀವ್ಸ್ ಭಾರತೀಯರಿಗೆ ಬಂದಿಳಿದಾಗಲೇ ವೀಸಾ ಕೊಡುತ್ತದೆ, ನಿಜ. ತಂಗುವ ಜಾಗ ಖಚಿತವಾಗಿರಬೇಕೆಂಬ ಷರತ್ತೂ ಜೊತೆಗಿದೆ. ಥಾಯ್ಲೆಂಡ್ 2025ರ ಮೇ 1ರಿಂದ ಜಾರಿಗೆ ತಂದ ಡಿಜಿಟಲ್ ಆಗಮನ ಪತ್ರದಲ್ಲಿ ಅಲ್ಲಿನ ವಾಸದ ವಿಳಾಸ ಕೇಳುತ್ತಾರೆ. ‘ಹೋಗಿ ನೋಡೋಣ’ ಎಂದು ಬರೆಯಲು ಬರುವುದಿಲ್ಲ.

ಲೇಖಕರ ಒಂದು ಮಾತು ಸರಿ: ಇಡೀ ಪ್ರವಾಸವನ್ನು ಮುಂಚೆಯೇ ಕಟ್ಟಿಹಾಕಬಾರದು. ನವೆಂಬರಿನಲ್ಲಿ ಥಾಯ್ಲೆಂಡಿನ ಫುಕೆಟ್ ಕಡೆ ಮಳೆ ಹಿಂದೆಗೆಯುವಾಗ ಅದೇ ದೇಶದ ಕೊಹ್ ಸಮುಯಿಯಲ್ಲಿ ಜಡಿಮಳೆಯ ಕಾಲ. ದಿಕ್ಕು ಬದಲಿಸುವ ಸ್ವಾತಂತ್ರ್ಯ ಬೇಕೇ ಬೇಕು. ಅದಕ್ಕೇ ಇರುವುದು ಉಚಿತ ರದ್ದತಿಯ ಕೋಣೆ. ಆದರೆ ಗಡುವು ಸಾಮಾನ್ಯವಾಗಿ ಹೋಟೆಲಿರುವ ಊರಿನ ಗಡಿಯಾರದ್ದು: ಫುಕೆಟ್‌ನಲ್ಲಿ ರಾತ್ರಿ 12 ಹೊಡೆದಾಗ ಪವಾಯಿಯಲ್ಲಿನ್ನೂ 10.30. ಊಟ ಮುಗಿಸಿ ನಿಧಾನಕ್ಕೆ ಮೊಬೈಲ್ ತೆರೆದವರ ಬಾಡಿಗೆ ಹೋಯಿತೆಂದೇ ಲೆಕ್ಕ.

ಮೊದಲ ಎರಡು ರಾತ್ರಿ ಕಾಯ್ದಿರಿಸಿ, ಉಳಿದದ್ದನ್ನು ಅಲ್ಲಿಯ ಆಕಾಶ ನೋಡಿ ನಿರ್ಧರಿಸಿ. ಹುಣ್ಣಿಮೆಯ ಆಸುಪಾಸು ಥಾಯ್ಲೆಂಡಿನ ಕೊಹ್ ಫಂಗನ್ ದ್ವೀಪಕ್ಕೆ ಹೋಗುವವರು ಮಾತ್ರ ಅಲ್ಲಿನ ಕೋಣೆಯನ್ನೂ ಮೊದಲೇ ಕಾಯ್ದಿರಿಸಿಕೊಳ್ಳಿ. ಫುಲ್ ಮೂನ್ ಪಾರ್ಟಿಯ ದಿನಗಳಲ್ಲಿ ಹಾದ್ ರಿನ್ ತೀರದ ಕೋಣೆಗಳು ಬೇಗ ತುಂಬುತ್ತವೆ.